‘ರಿ’ ಎಲ್ಲಿ ಹಚ್ಚಬೇಕೆಂದು ಲಾಲಮ್ಮನ ಕೇಳಿ

ಬೆಳಗಿನ ಆರೂವರೆ. ಸುರಪುರ ಸಮೀಪದ ದೇವಾಪುರದ ಹೊಲದಲ್ಲಿ ಇಬ್ಬನಿ ಬಿದ್ದು ಹತ್ತಿ ತೊಯ್ದಿದೆ. ಅದು ಆರುವವರೆಗೆ ಬಿಡಿಸುವಂತಿಲ್ಲ. ಕೂಲಿಗೆ ಬಂದ ಹೆಣ್ಣುಮಕ್ಕಳು ಆಚೆಯ ಬದುವಿನಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಾರೆ. ಈಚೆಯ ಬದುವಿನ ಮೇಲೆ ಲಾಲಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾರೆ. ಪಕ್ಕದಲ್ಲಿ ಮೈಸೂರಿನಿಂದ ಬಂದ ನಟಿ ಭಾರತಿ.

“ಒದರು,” ಎನ್ನುತ್ತಾರೆ ಲಾಲಮ್ಮ.

“ಅನ್ನಮ್ಮಕ್ಕಾ, ನೀರು ತರ್ರೀ!” ಭಾರತಿ ಗಂಟಲು ಹರಿಯುವಂತೆ ಕೂಗುತ್ತಾರೆ.

ಆಚೆಯ ಬದುವಿನಿಂದ ನಗು ಬರುತ್ತದೆ. ನೀರು ಬರುವುದಿಲ್ಲ.

“ನಕ್ಕರಂದ್ರ ಫೇಲ್. ಇನ್ನೊಮ್ಮಿ ಒದರವ್ವ. ಆಕಿ ನಿನಗ ಅಕ್ಕ ಆದಮ್ಯಾಲ ‘ರಿ’ ಯಾಕ ಬೇಕು?”

ಐವತ್ತೆಂಟರ ಲಾಲಮ್ಮನ ಹೊಟ್ಟೆಪಾಡು ಹತ್ತಿ, ಮೆಣಸಿನಕಾಯಿ ಬಿಡಿಸುವುದು. ಹಂಗಾಮಿನಲ್ಲಿ ದಿನಕ್ಕೆ ನಲವತ್ತು ಕೆ.ಜಿ. ಹತ್ತಿ ಅವರ ಉಡಿ ಸೇರುತ್ತದೆ. ಇನ್ನೊಂದು ಕೆಲಸಕ್ಕೆ ಹೆಸರಿಲ್ಲ. ಯಾದಗಿರಿಯ ನಾಟಕ ತಂಡವೊಂದಕ್ಕೆ ಹೊರಗಿನಿಂದ ಬರುವ ನಟನಟಿಯರಿಗೆ ಅವರು ಈ ಸೀಮೆಯ ಮಾತು ಕಲಿಸುತ್ತಾರೆ. ಹನ್ನೊಂದು ವರ್ಷಗಳಲ್ಲಿ ಇಪ್ಪತ್ತಾರು ಮಂದಿ ಈ ಬದುವಿನ ಮೇಲೆ ನಿಂತು ಒದರಿದ್ದಾರೆ. ನಾಟಕದ ಕರಪತ್ರದಲ್ಲಿ ಬೆಳಕಿನವರ ಹೆಸರಿದೆ, ಮೇಕಪ್‌ನವರ ಹೆಸರಿದೆ, ಕುರ್ಚಿ ಬಾಡಿಗೆ ಕೊಟ್ಟವರಿಗೂ ಕೃತಜ್ಞತೆ ಇದೆ. ಲಾಲಮ್ಮನ ಹೆಸರು ಮಾತ್ರ ದೀಪ ಹಚ್ಚಿ ಹುಡುಕಿದರೂ ಇಲ್ಲ.

“ಹೆಸರು ಹಾಕಿದ್ರ ಏನಂತ ಹಾಕ್ತಾರ್ರಿ? ಒದರಸಾಕಿ ಅಂತೇನು?” ಎಂದು ಅವರೇ ನಗುತ್ತಾರೆ.

ನಾನು ಮೊದಲು ಪೆನ್ನು ತೆಗೆದಾಗ ಅವರು ಇಷ್ಟು ಸಲೀಸಾಗಿ ಮಾತಾಡಿರಲಿಲ್ಲ. “ನಾನು ದೇವಾಪುರದಲ್ಲಿ ಜನಿಸಿದೆನು” ಎಂದು ಶುರು ಮಾಡಿದ್ದರು. ನನ್ನೂರು ಪಕ್ಕದ ಶಹಾಪುರ. ಪತ್ರಿಕೆ ಸೇರಿದ ಮೇಲೆ ನನ್ನ ಮಾತೂ ಇಸ್ತ್ರಿ ಹಾಕಿದ ಅಂಗಿಯಂತಾಗಿದೆ. ಹೀಗಾಗಿ ನಗುವ ಧೈರ್ಯ ನನಗೆ ಬರಲಿಲ್ಲ.

ಹೊರಗಿನ ನಟರು ಬರುವಾಗಲೇ ಒಂದು ‘ಉತ್ತರ ಕರ್ನಾಟಕ’ ಹೊಲಿಸಿಕೊಂಡು ಬಂದಿರುತ್ತಾರೆ. ಟಿ.ವಿ.ಯ ನಗೆ ಕಾರ್ಯಕ್ರಮದ್ದೊಂದು ತುಂಡು, ಧಾರವಾಡದ್ದೊಂದು ತುಂಡು, ಉಳಿದ ಕಡೆಗೆಲ್ಲ ‘ರಿ’. “ಒಬ್ಬಾಂವ ಮೇಯೋ ಆಡಿಗಿ ‘ಹೋಗ್ರಿ’ ಅಂದ. ಆಡಿಗ್ಯಾಕಪ್ಪ ಮರ್ಯಾದಿ, ಅದೇನು ತಹಸೀಲ್ದಾರ ಆಗ್ಯಾದೇನು?” ಎನ್ನುತ್ತಾರೆ ಲಾಲಮ್ಮ. ಕಲಿತ ಮಾತು ಹತ್ತಿರದಿಂದ ಸರಿಯಾಗಿಯೇ ಕೇಳುತ್ತದೆ, ದೂರಕ್ಕೆ ಒದರುವಾಗ ಮಾತ್ರ ಅವರವರ ಹುಟ್ಟೂರು ಬಾಯಿಂದ ಹೊರಬೀಳುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಅದಕ್ಕೇ ಈ ಬದುವಿನ ಪರೀಕ್ಷೆ. ಆಚೆಯವರು ನಗದೆ ನೀರು ತಂದರೆ ಪಾಸು.

ಇಷ್ಟೊಂದು ಹಟ ಯಾಕೆಂದು ಕೇಳಿದರೆ ಅವರು ತಂದೆ ಈಶಪ್ಪನ ಕಥೆ ಹೇಳುತ್ತಾರೆ.

“ಊರ ನಾಟಕದಾಗ ರಾಜ, ಮಂತ್ರಿ ಎಲ್ಲಾ ಬ್ಯಾರೆ ಓಣಿಯವರಿಗ್ರಿ. ಅವರ ಮಾತು ‘ಬಂದಿರುವೆನು, ನಿಂತಿರುವೆನು’. ನಮ್ಮಪ್ಪಗ ಜೋಕರ್ ಪಾರ್ಟ್. ಅಂವ ಒಬ್ಬನೇ ಮನಿ ಮಾತು ಆಡಾಂವ. ನನ್ನ ತಮ್ಮ ತೀರಿ ಒಂದ್ ತಿಂಗಳಾಗಿತ್ತು. ನಾಟಕದಾಗ ಮಗನ್ನ ಕರೆಯೋ ಮಾತು ಬಂತು. ‘ಯಪ್ಪಾ, ಎಲ್ಲಿ ಹ್ವಾದ್ಯೋ’ ಅಂದಾಂವ ಖರೇನೇ ಅಳಾಕತ್ತ. ಮಂದಿ ಬಿದ್ದು ಬಿದ್ದು ನಕ್ಕರು. ಒನ್ಸ್ ಮೋರ್ ಅಂದ್ರು.”

“ಆಮೇಲೆ?”

“ಮತ್ತೊಮ್ಮಿ ಮಾಡಿದ. ನಮ್ಮ ಮಾತು ಅಂದ್ರ ನಗಾಕ ಅಷ್ಟೇ ಅಂತ ಮಂದಿಗಿ ರೂಢಿ ಆಗಿತ್ರಿ. ಒಮ್ಮಿಯಾದ್ರೂ ಅದಕ್ಕ ಅಳಬೇಕು ಅವರು. ಅದೊಂದು ನೋಡಬೇಕಾಗ್ಯಾದ.”

ಕಳೆದ ತಿಂಗಳು ಶಹಾಪುರದಲ್ಲಿ ಆ ಆಸೆಗೆ ತಣ್ಣೀರು ಬಿದ್ದಿತ್ತು. ತಂಡದ ಹೊಸ ನಾಟಕ ಒಬ್ಬ ತಾಯಿ, ಒಬ್ಬ ಮಗಳದ್ದು. ಜಗಳವಾಡಿ ಮನೆ ಬಿಟ್ಟ ಮಗಳು ವರ್ಷಗಳ ಮೇಲೆ ಮರಳಿದಾಗ ತಾಯಿ ಹಾಸಿಗೆ ಹಿಡಿದಿರುತ್ತಾಳೆ. ಮಗಳ ಪಾತ್ರದ ಭಾರತಿ ತಂಡ ಸೇರಿ ಐದೇ ದಿನವಾಗಿತ್ತು, ಬದುವಿಗೆ ಬರಲು ಪುರುಸೊತ್ತಾಗಿರಲಿಲ್ಲ. ಕೊನೆಯ ದೃಶ್ಯದಲ್ಲಿ ರೊಟ್ಟಿ ಹಿಡಿದು “ಅವ್ವಾ, ಏಳ್ರಿ, ಊಟ ಮಾಡ್ರಿ” ಎಂದರು. ಸಭೆ ಗೊಳ್ಳೆಂದು ನಕ್ಕಿತು.

ನಿರ್ದೇಶಕ ವಿಶ್ವರಾಧ್ಯ ಅಂದೇ ಹೇಳಿಬಿಟ್ಟರು: “ಯಾದಗಿರಿ ಶೋದಾಗೂ ನಕ್ಕರಂದ್ರ ಪುಸ್ತಕದ ಭಾಷಾದಾಗ ಮಾಡ್ತೇನಿ. ನಂದೂ ಮರ್ಯಾದಿ ಅದ ಇಲ್ಲೋ?”

ಜನ ನಕ್ಕಿದ್ದೇಕೆ? ಲಾಲಮ್ಮ ಬಿಡಿಸಿ ಹೇಳುತ್ತಾರೆ: “ಹಡೆದವ್ವಗ ಯಾರು ‘ರಿ’ ಹಚ್ಚತಾರ್ರಿ? ಆಕಿಗಿ ಸಲಿಗಿಲೆ ‘ಬೇ’ ಅಂತೀವಿ. ‘ರಿ’ ಸಿಟ್ಟು ಬಂದಾಗ ಹಚ್ಚತೀವಿ. ‘ನೀವೇ ಉಣ್ರಿ, ನನಗ ಹಸಿವಿಲ್ಲ’ ಅಂತ. ಮುನಿಸಿನ ಮರ್ಯಾದಿ ಅದು. ಮೈಸೂರಿನ ಪೋರಿಗಿ ಹ್ಯಾಂಗ ಮಾಲೂಮ್ ಆಗಬೇಕು?”

ಆದರೆ ಆ ‘ರಿ’ಯನ್ನು ಲಾಲಮ್ಮ ಕಿತ್ತೆಸೆಯಲಿಲ್ಲ. ಎತ್ತಿ ಮೊದಲಿನ ಜಗಳದ ದೃಶ್ಯಕ್ಕೆ ಇಟ್ಟರು. “ತಪ್ಪಲ್ಲ ಅದು, ಜಾಗಾ ತಪ್ಪ್ಯಾದ” ಎಂದರಂತೆ. ವಿಶ್ವರಾಧ್ಯ ಅರೆಮನಸ್ಸಿನಿಂದ ಒಪ್ಪಿದರು. ಭಾರತಿ ಒಂಬತ್ತು ಬೆಳಗು ದೇವಾಪುರದಲ್ಲಿ ಒದರಿದರು. ಒಂಬತ್ತನೆಯ ದಿನ ಅನ್ನಮ್ಮ ನಗದೆ ಚೊಂಬಿನಲ್ಲಿ ನೀರು ತಂದುಕೊಟ್ಟರು.

ಭಾನುವಾರ ಸಂಜೆ ನಾಲ್ಕು, ಯಾದಗಿರಿ. ಲಾಲಮ್ಮ ಪಕ್ಕದ ಪರದೆಗೆ ಆತು ನಿಂತಿದ್ದಾರೆ. ಜಗಳದ ದೃಶ್ಯದಲ್ಲಿ ಭಾರತಿ ತಟ್ಟೆ ಸರಿಸಿ, “ನೀವೇ ಉಣ್ರಿ” ಎನ್ನುತ್ತಾರೆ. ಮುಂದಿನ ಸಾಲಿನಿಂದ ಹೆಣ್ಣುದನಿಯೊಂದು, “ಅಯ್ಯಯ್ಯ, ಅವ್ವಗ ‘ರಿ’ ಅಂದಳಲ್ಲ!” ಎನ್ನುತ್ತದೆ. ಯಾರೂ ನಗುವುದಿಲ್ಲ.

ಕೊನೆಯ ದೃಶ್ಯ. ಅದೇ ತಟ್ಟೆ, ಅದೇ ರೊಟ್ಟಿ. “ಯವ್ವಾ, ಏಳಬೇ. ಒಂದು ತುತ್ತು ಉಣ್ಣಬೇ.”

ಸಭೆಯಲ್ಲಿ ಮೂಗೆಳೆಯುವ ಸದ್ದು ಬಿಟ್ಟರೆ ಏನೂ ಇಲ್ಲ. ಪರದೆಯ ಪಕ್ಕ ಲಾಲಮ್ಮ ಕಣ್ಣೊರೆಸಿಕೊಳ್ಳುತ್ತಿಲ್ಲ, ವೇದಿಕೆಯನ್ನೂ ನೋಡುತ್ತಿಲ್ಲ. ಅಳುವ ಮಂದಿಯನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಾರೆ.

ನಾಟಕ ಮುಗಿದ ಮೇಲೆ ಮುದುಕಿಯೊಬ್ಬಳು ಅವರನ್ನು ತಡೆದು ಕೇಳುತ್ತಾಳೆ: “ಆ ಪೋರಿ ಯಾವ ಊರಾಕಿ?”

“ನಮ್ಮ ದೇವಾಪುರದಾಕಿ,” ಎನ್ನುತ್ತಾರೆ ಲಾಲಮ್ಮ, ಮುಖ ಒಂದಿಷ್ಟೂ ಸಡಿಲಿಸದೆ.

ಬಸ್ ನಿಲ್ದಾಣದವರೆಗೆ ನಾನೂ ಅವರ ಜೊತೆ ಹೋದೆ. ಬೆಳಿಗ್ಗೆ ಹತ್ತಿ ಬಿಡಿಸಲು ಹೋಗಬೇಕು. ಸುರಪುರದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಒಮ್ಮೆ ತಿರುಗಿದರು.

“ಈ ಸಲ ಯಾರೂ ಒನ್ಸ್ ಮೋರ್ ಅನ್ನಲಿಲ್ಲ ನೋಡ್ರಿ.”