ಐ ಆಮ್ ಕಮಿಂಗ್, ಅಕ್ಕೋರೆ

ಸಂಜೆಯ ಗಂಟೆ ಹೊಡೆದ ಕೂಡಲೆ ನಮ್ಮ ಶಾಲೆಯ ಮಕ್ಕಳು ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ಒಮ್ಮೆ ತಿರುಗಿ, "ಐ ಆಮ್ ಕಮಿಂಗ್, ಅಕ್ಕೋರೆ" ಎಂದು ಹೇಳಿ ಮನೆಗೆ ಓಡುತ್ತಿದ್ದರು. ಇಂಗ್ಲಿಷ್ ಕಲಿಕೆ ಹೇಗಿದೆ ಎಂದು ನೋಡಲು ಬಂದಿದ್ದ ಅಧಿಕಾರಿಯೊಬ್ಬರು ಒಂದು ದಿನ ಇದನ್ನು ಕೇಳಿ ಕಕ್ಕಾಬಿಕ್ಕಿಯಾದರು.

"ಕಮಿಂಗ್ ಅಂತವೆ, ಹೋಗ್ತವೆ. ಇವು ಬರೋದೋ ಹೋಗೋದೋ ಮೇಡಂ?"

"ಹೋಗೂದೇ ಸರ್. ನಾಳೆ ಬರ್ತಾವಲ್ಲ, ಅದಕ್ಕೆ" ಎಂದಳು ಇಂಗ್ಲಿಷ್ ಕಲಿಸುವ ಪ್ರತಿಭಾ.

ಅಧಿಕಾರಿಗೆ ನಗು ಬರಲಿಲ್ಲ. ನನಗೆ ಬಂತು. ನಾನು ಗಿರಿಜಾ, ಅದೇ ಶಾಲೆಯ ಕನ್ನಡ ಟೀಚರು. ಬನವಾಸಿ ಕಡೆಯವಳು, ಬಾಯಿ ಸ್ವಲ್ಪ ಜೋರು. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಯಾಕೆಂದರೆ ಪ್ರತಿಭಾಳ ವಿಷಯ ಬಂದರೆ ನನಗೆ ಸಮಾಧಾನದಿಂದ ಮಾತಾಡಲು ಬರುವುದಿಲ್ಲ.

ನಿಲ್ಕುಂದ ದಾಟಿ ಒಳಗೆ ಹೋದರೆ ನಮ್ಮ ಶಾಲೆ. ಅಲ್ಲಿ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಮನೆಯಿಂದ ಹೊರಡುವವರು ಯಾರೂ "ಹೋಗ್ತೆ" ಎನ್ನುವುದಿಲ್ಲ, "ಬರ್ತೆ" ಎನ್ನುತ್ತಾರೆ. ಗದ್ದೆಗೆ ಹೊರಟರೂ ಬರ್ತೆ, ಸಿದ್ದಾಪುರದ ಸಂತೆಗೆ ಹೊರಟರೂ ಬರ್ತೆ. ಹೋಗುವವರು ಎಂದರೆ ತಿರುಗಿ ಬಾರದವರು ಮಾತ್ರ. ಮಕ್ಕಳು ಆ ಬರ್ತೆಯನ್ನೇ ಎತ್ತಿಕೊಂಡು ಇಂಗ್ಲಿಷಿಗೆ ಹಾಕಿದ್ದರು. ಪ್ರತಿಭಾ ಅದನ್ನು ಬೇಗ ತಿದ್ದಲಿಲ್ಲ. ಆರು, ಏಳು, ಎಂಟನೇ ತರಗತಿಗಳಿಗೆ ಅವಳೊಬ್ಬಳೇ ಇಂಗ್ಲಿಷ್ ಟೀಚರು. ಮನೆಯಲ್ಲಿ ಒಂದೂ ಇಂಗ್ಲಿಷ್ ಮಾತು ಕೇಳದ ಮಕ್ಕಳು ತಪ್ಪೋ ಒಪ್ಪೋ ಬಾಯಿ ಬಿಡುವುದೇ ದೊಡ್ಡದು ಎನ್ನುತ್ತಿದ್ದಳು.

ಅವಳು ಕಲಿಸುವ ರೀತಿಯೇ ಹಾಗಿತ್ತು. ಒಂದು ದಿನ ಬೋರ್ಡಿನ ನಡುವೆ "ಎಂತ" ಎಂದು ದೊಡ್ಡದಾಗಿ ಬರೆದಳು. ಎಂತ ತಿಂದೆ, ಎಂತಕ್ಕೆ ಅತ್ತೆ, ಎಂತದು ಗಲಾಟೆ ಎಂದು ಮಕ್ಕಳಿಂದಲೇ ಹೇಳಿಸಿ, ಒಂದೊಂದಕ್ಕೂ ಇಂಗ್ಲಿಷಿನ ಬೇರೆ ಬೇರೆ ಪ್ರಶ್ನೆಪದ ಅಂಟಿಸುತ್ತ ಹೋದಳು. ಕೊನೆಗೆ ಒಬ್ಬ ಹುಡುಗ, "ನಮ್ಮ ಒಂದು ಎಂತದ ಕೆಲ್ಸಕ್ಕೆ ಅವ್ರಿಗೆ ಇಷ್ಟೆಲ್ಲ ಬೇಕನ?" ಎಂದು ಇಂಗ್ಲಿಷಿನವರ ಮೇಲೆ ಕನಿಕರಪಟ್ಟ. ಪಕ್ಕದ ಕೋಣೆಯಲ್ಲಿ ಸಂಧಿ ಸಮಾಸ ಹೇಳುತ್ತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಕ್ಲಾಸಿನಲ್ಲಿ ಯಾರೂ ಅಷ್ಟು ಖುಷಿಯಿಂದ ಇರುತ್ತಿರಲಿಲ್ಲ.

ಪ್ರತಿಭಾಳ ತವರು ಅದೇ ಸೀಮೆಯ ತ್ಯಾಗಲಿ. ಮದುವೆಯಾಗಿ ಬಂದದ್ದು ಶಿರಸಿಯ ಪಕ್ಕದ ಇಸಳೂರಿಗೆ. ಗಂಡ ಸಂಜಯ ಪೇಟೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ದಿನಾ ಬೆಳಿಗ್ಗೆ ಎರಡು ಬಸ್ಸು ಹತ್ತಿಳಿದು ಶಾಲೆಗೆ ಬರುತ್ತಿದ್ದಳು. ಮಗಳು ಸಮೃದ್ಧಿ ಎದ್ದು ತಲೆ ಬಾಚಿಕೊಳ್ಳುವ ಹೊತ್ತಿಗೆ ಅಮ್ಮ ಬಸ್ಸಿನಲ್ಲಿರುತ್ತಿದ್ದಳು. ಆ ಮಗಳನ್ನೂ ಅವಳು ಸೇರಿಸಿದ್ದು ಸರ್ಕಾರಿ ಕನ್ನಡ ಶಾಲೆಗೇ. "ನನ್ನ ಮಗಳನ್ನ ಬೇರೆ ಕಡೆ ಹಾಕಿ, ನಿಮ್ಮ ಮಕ್ಕಳನ್ನ ಇಲ್ಲಿಗೆ ಕಳ್ಸಿ ಅಂತ ಹ್ಯಾಂಗೆ ಕೇಳೂದು ಗಿರಿಜಕ್ಕ?" ಎನ್ನುತ್ತಿದ್ದಳು. ಅಂಥ ಹುಚ್ಚಿಗೆ ನಾನೇನು ಹೇಳಲಿ.

ವರ್ಗಾವಣೆಯ ಕಾಲ ಬಂದಾಗ ಇಸಳೂರಿನ ಹತ್ತಿರವೇ ಒಂದು ಶಾಲೆಯಲ್ಲಿ ಇಂಗ್ಲಿಷ್ ಹುದ್ದೆ ಖಾಲಿಯಿತ್ತು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅವಳಿಗೆ ಸಿಗುವುದು ಖಾತ್ರಿಯಾಗಿತ್ತು. ಸುದ್ದಿ ತಿಳಿದ ಮರುದಿನವೇ ಶಾಲೆಯ ಊರಿನ ಸುನೀಲ ತನ್ನ ತಾಯಿ ದ್ಯಾವಮ್ಮನನ್ನು ಕರೆದುಕೊಂಡು, ಒಂದು ಗೊನೆ ಬಾಳೆಹಣ್ಣು ಹೊತ್ತು ಶಾಲೆಗೆ ಬಂದ. ಭತ್ತ, ಶುಂಠಿ ಬೆಳೆಯುವ ಅನುಕೂಲಸ್ಥ. ಶಾಲೆ ನೋಡಿಕೊಳ್ಳುವ ಪಾಲಕರ ಸಮಿತಿ, ಎಸ್‌ಡಿಎಂಸಿಯ ಅಧ್ಯಕ್ಷನೂ ಅವನೇ. ಮಗಳು ಅನುಶ್ರೀ ಆಗ ಸಣ್ಣ ತರಗತಿಯಲ್ಲಿದ್ದಳು.

"ಅಕ್ಕೋರೆ, ನೀವು ಹೋದ್ರೆ ಈ ಮೂಲೆಗೆ ಇನ್ನೊಬ್ರು ಇಂಗ್ಲಿಷ್ ಟೀಚರು ಬರೂದಿಲ್ಲ. ಟೀಚರಿಲ್ಲ ಅಂದ್ರೆ ಮಕ್ಕಳು ಇರೂದಿಲ್ಲ. ನನ್ನ ಅನುಶ್ರೀ ಎಂಟನೇ ಇಯತ್ತೆ ಮುಗ್ಸೂವರಿಗೆ ಇರಿ. ಅವ್ಳು ನಿಮ್ಮ ಕೈಯಲ್ಲೇ ಕಲೀಬೇಕು" ಎಂದ ಸುನೀಲ.

"ತ್ಯಾಗಲಿ ಹೆಣ್ಣು ಅಂದ್ರೆ ನಮ್ಮ ಮನೆ ಹೆಣ್ಣೇಯ. ತವರಿಗೆ ಬಂದವ್ಳನ್ನ ನಾವು ಕಳ್ಸೂದಿಲ್ಲ" ಎಂದು ದ್ಯಾವಮ್ಮ ಅವಳ ಕೈ ಹಿಡಿದುಕೊಂಡಳು.

ಆ ಕೈ ಬಿಡಿಸಿಕೊಳ್ಳಲು ಅವಳಿಂದ ಆಗಲಿಲ್ಲ. ಉಳಿದಳು. "ಏನವ್ವಾ, ಬಾಳೆಗೊನಿಗೆ ಬದುಕು ಬರದುಕೊಟ್ಟಿ" ಎಂದು ನಾನು ಛೇಡಿಸಿದೆ. ಇಸಳೂರಿನ ಹುದ್ದೆ ಇನ್ಯಾರಿಗೋ ಹೋಯಿತು. ಸಂಜಯ ಒಂದಷ್ಟು ದಿನ ಮಾತು ಬಿಟ್ಟ.

ಅನುಶ್ರೀ ಆರನೇ ತರಗತಿಗೆ ಬಂದಾಗ ನಾನೂ ಒಪ್ಪಿಕೊಳ್ಳಬೇಕಾಯಿತು, ಹುಡುಗಿ ಚುರುಕು. ಇಂಗ್ಲಿಷ್ ಎಂದರೆ ಪ್ರಾಣ. ಆ ವರ್ಷ ಶಾಲಾ ಮಕ್ಕಳ 'ಪ್ರತಿಭಾ ಕಾರಂಜಿ' ಸ್ಪರ್ಧೆಯ ಇಂಗ್ಲಿಷ್ ಭಾಷಣದಲ್ಲಿ ಅನುಶ್ರೀ ತಾಲೂಕಿನವರೆಗೆ ಹೋಗಿ ಸೋತು ಬಂದಳು. ಅಕ್ಕೋರ ಹೆಸರಿನ ಸ್ಪರ್ಧೆಯಲ್ಲೇ ಸೋತೆಯಲ್ಲೇ ಎಂದು ಮಕ್ಕಳು ಅವಳನ್ನು ಗೋಳು ಹೊಯ್ದುಕೊಂಡರು. ಅದಾದ ಮೇಲೆ ಸುನೀಲ ಬಂದು, "ಮುಂದಿನ ವರ್ಷ ಜಿಲ್ಲೆಗೆ ಹೋಗ್ಬೇಕು ಅಕ್ಕೋರೆ. ಈಗಿಂದ್ಲೇ ದಿನಾ ಸ್ವಲ್ಪ ಹೊತ್ತು ಹೇಳ್ಕೊಡಿ. ಸ್ಟೇಜಲ್ಲಿ ಹೆದ್ರದೇ ಮಾತಾಡೂ ಹಾಂಗೆ ಆಗ್ಬೇಕು" ಎಂದು ಕೇಳಿಕೊಂಡ. ಏನೇನು ಹೇಳಿಕೊಡಬೇಕೆಂದು ಫೋನಿನಲ್ಲಿ ತೋರಿಸಿದ. ನಿನ್ನ ಬಗ್ಗೆ ಹೇಳು, ಅಪ್ಪನ ಕೆಲಸವೇನು, ದೊಡ್ಡವಳಾಗಿ ಏನಾಗುವೆ. ಭಾಷಣಕ್ಕೆ ಇವೆಲ್ಲ ಯಾಕೆ ಎಂದು ನನಗೆ ಅನ್ನಿಸಿತ್ತು, ಆದರೆ ಇಂಗ್ಲಿಷಿನ ವಿಷಯ ನನಗೇನು ಗೊತ್ತು ಎಂದು ಸುಮ್ಮನಾದೆ.

ಪ್ರತಿಭಾ ಸಂಜೆಯ ಬಸ್ಸು ಬಿಟ್ಟು ಅದರ ನಂತರದ್ದಕ್ಕೆ ಹೋಗತೊಡಗಿದಳು. ಮಳೆಗಾಲ ಮುಗಿದು, ಚಳಿ ಮುಗಿದು, ಬಿಸಿಲು ಬರುವವರೆಗೂ ಹೇಳಿಕೊಟ್ಟಳು. ಒಂದು ದಿನ ನಾನು ಅಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅನುಶ್ರೀ ತಾನಾಗಿಯೇ ಕೇಳಿದಳು:

"ಅಕ್ಕೋರೆ, 'ಐ ಲೈಕ್ ಯುವರ್ ಸ್ಕೂಲ್ ವೆರಿ ಮಚ್' ಅಂದ್ರೆ ಸರಿಯನ?"

"ಯುವರ್ ಎಂತಕ್ಕೆ? ಅದು ನಿಮ್ಮ ಶಾಲೆ ಅಂತ ಆಗ್ತದೆ. ಅವರ್ ಸ್ಕೂಲ್ ಅನ್ನು. ನಮ್ಮ ಶಾಲೆ."

ಹುಡುಗಿ ತಲೆ ತಗ್ಗಿಸಿ ನೆಲ ನೋಡಿದಳು. "ಅವರ್ ಸ್ಕೂಲ್" ಎಂದು ಮೆಲ್ಲಗೆ ಹೇಳಿದಳು. ಪ್ರತಿಭಾ ನನ್ನ ಕಡೆ ತಿರುಗಿ ಕಣ್ಣರಳಿಸಿ ನಕ್ಕಳು, ನೋಡಿದ್ಯಾ, ನಮ್ಮ ಶಾಲೆಯ ಮೇಲೆ ಎಷ್ಟು ಪ್ರೀತಿ ಎನ್ನುವ ಹಾಗೆ.

ಆ ವರ್ಷದ ಕೊನೆಯ ದಿನ ಫಲಿತಾಂಶ ಹೇಳಿ ಮಕ್ಕಳನ್ನು ರಜಕ್ಕೆ ಬಿಟ್ಟೆವು. ಅಧಿಕಾರಿಯ ಭೇಟಿಯ ನಂತರ ಪ್ರತಿಭಾ ಮಕ್ಕಳಿಗೆ ಗೋಯಿಂಗ್ ಕಲಿಸಲು ನೋಡಿದ್ದಳು. ಆದರೆ "ಹೋಗ್ತೆ ಅನ್ನೂಕಾಗ್ದು ಅಕ್ಕೋರೆ, ಅಜ್ಜಿ ಬಯ್ತಾರೆ" ಎಂದು ಎಲ್ಲರಿಗಿಂತ ಹೆಚ್ಚು ಹಟ ಹಿಡಿದವಳು ಅನುಶ್ರೀಯೇ. ಆ ದಿನವೂ ಎಲ್ಲರೂ ಕಮಿಂಗ್ ಎನ್ನುತ್ತಲೇ ಓಡಿದರು. ಕೊನೆಯಲ್ಲಿ ಉಳಿದ ಅನುಶ್ರೀ ಬಾಗಿಲ ಹತ್ತಿರ ನಿಂತು, "ಐ ಆಮ್ ಗೋಯಿಂಗ್, ಅಕ್ಕೋರೆ" ಎಂದಳು.

ಪ್ರತಿಭಾ ಕುರ್ಚಿಯಿಂದ ಎದ್ದೇಬಿಟ್ಟಳು. "ಗಿರಿಜಕ್ಕ, ಕೇಳಿದ್ಯಾ? ಸರಿಯಾಗಿ ಹೇಳಿದ್ಳು" ಎಂದು ತಾನೂ ಚಪ್ಪಾಳೆ ತಟ್ಟಿ, ನನ್ನ ಕೈಯಲ್ಲೂ ತಟ್ಟಿಸಿದಳು. ಹುಡುಗಿ ಅಳು ಬಂದವಳ ಹಾಗೆ ಮುಖ ಮಾಡಿಕೊಂಡು ಓಡಿದಳು. ನಾವು ನಾಚಿಕೆ ಎಂದುಕೊಂಡೆವು.

ಶಾಲೆ ಮತ್ತೆ ಶುರುವಾದ ದಿನ ಗೇಟಿಗೆ ಮಾವಿನ ತೋರಣ ಕಟ್ಟಿ, ಮಕ್ಕಳನ್ನು ಸ್ವಾಗತಿಸಲು ನಿಂತಿದ್ದೆವು. ಅನುಶ್ರೀ ಇಂಗ್ಲಿಷಿನಲ್ಲಿ ಸ್ವಾಗತ ಹೇಳಬೇಕೆಂದು ಪ್ರತಿಭಾ ಯೋಚಿಸಿಟ್ಟಿದ್ದಳು. ಆಗ ರಸ್ತೆಯಲ್ಲಿ ಹಳದಿ ಬಣ್ಣದ ವ್ಯಾನೊಂದು ಬಂದು, ತಿರುವಿನಲ್ಲಿ ದನಗಳಿಗೆ ದಾರಿ ಬಿಡಲು ನಿಂತಿತು. ಶಿರಸಿಯ ಇಂಗ್ಲಿಷ್ ಮೀಡಿಯಂ ಶಾಲೆಯೊಂದರ ವ್ಯಾನು. ಕಿಟಕಿಯಲ್ಲಿ ನೀಲಿ ಟೈ ಕಟ್ಟಿದ ಹುಡುಗಿ ನಮ್ಮನ್ನು ನೋಡಿ ಸರಕ್ಕನೆ ತಲೆ ಕೆಳಗೆ ಮಾಡಿದಳು.

"ಅದು ಅಧ್ಯಕ್ಷರ ಮಗಳು ಅಲ್ದಾ?" ಎಂದಳು ಬಿಸಿಯೂಟದ ನಾಗಿ, ಪಾಯಸದ ಸೌಟು ಹಿಡಿದುಕೊಂಡೇ.

ಪ್ರತಿಭಾ ಹೆಡ್‌ಮಾಸ್ತರರ ಮುಖ ನೋಡಿದಳು. ಅವರು ಬೇರೆ ಕಡೆ ನೋಡುತ್ತಿದ್ದರು. ರಜದಲ್ಲೇ ಸುನೀಲ ಟಿಸಿ ತೆಗೆದುಕೊಂಡು ಹೋಗಿದ್ದನಂತೆ. ಅಕ್ಕೋರಿಗೆ ಈಗಲೇ ಹೇಳಬೇಡಿ ಎಂದಿದ್ದನಂತೆ. ಆ ಕಲಿಕೆಯೆಲ್ಲ ಕಾರಂಜಿಗಲ್ಲ, ಆ ಶಾಲೆಯ ಪ್ರವೇಶದ ಸಂದರ್ಶನಕ್ಕೆ. "ಐ ಲೈಕ್ ಯುವರ್ ಸ್ಕೂಲ್" ಎಂದು ಮಗು ಸರಿಯಾಗಿಯೇ ಕೇಳಿತ್ತು. ತಿದ್ದಿದ ನಮ್ಮ ಅಕ್ಕೋರದ್ದೇ ತಪ್ಪಾಗಿತ್ತು.

ಸಂಜೆ ಅವಳು ನೇರವಾಗಿ ಸುನೀಲನ ಮನೆಗೆ ಹೊರಟಳು. ನಾನೂ ಜೊತೆಗೆ ಹೋದೆ, ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟು. ಸುನೀಲ ಅಂಗಳದಲ್ಲೇ ಸಿಕ್ಕ.

"ನಂಗೊಂದು ಮಾತು ಹೇಳೂಕಾಗಿತ್ತಲ್ಲ" ಎಂದಳು ಪ್ರತಿಭಾ.

"ಹೇಳಿದ್ರೆ ನೀವು ಬೇಡ ಅಂತಿದ್ರಿ ಅಕ್ಕೋರೆ. ನೀವು ಬೇಡ ಅಂದ್ರೆ ನಂಗೆ ಮೀರೂಕಾಗ್ತಿರ್ಲಿಲ್ಲ."

"ನಾ ಇಲ್ಲೇ ಉಳಿದದ್ದು ಎಂತಕ್ಕೆ?"

"ನೀವು ಕಲ್ಸಿದ್ದಕ್ಕೇ ಸೀಟು ಸಿಕ್ತು. ಅಲ್ಲಿಯವ್ರು, ಹಳ್ಳಿ ಶಾಲೆಯಲ್ಲಿ ಇಷ್ಟು ಚಲೋ ಇಂಗ್ಲಿಷ್ ಯಾರು ಕಲ್ಸಿದ್ದು ಅಂತ ಕೇಳಿದ್ರು. ನಿಮ್ಮ ಹೆಸ್ರೇ ಹೇಳಿದೆ" ಎಂದ. ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ, ಪುಣ್ಯಾತ್ಮ. ಒಳಗಿನಿಂದ ದ್ಯಾವಮ್ಮ ಚಹಾ ತಂದಳು. ಪ್ರತಿಭಾ ಮುಟ್ಟಲಿಲ್ಲ.

ನಾನು ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. "ಬೇಲಿನೇ ಎದ್ದು ಹೊಲ ಮೇದರ ಕಾಯೋರ್ಯಾರ್ರಿ ಅಧ್ಯಕ್ಷರ?" ಎಂದೆ. ಪ್ರತಿಭಾ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. ಬಸ್ಸು ಕಾಯುವಲ್ಲಿ ನಿಂತಾಗ, "ಅವರ್ ಸ್ಕೂಲ್ ಅನ್ನು ಅಂದೆ ಗಿರಿಜಕ್ಕ. ಆ ಮಗು ಮನಸ್ಸಲ್ಲಿ ಎಂತ ಅಂದ್ಕೊಂಡಿರ್ಬಹುದು" ಎಂದು ಅತ್ತಳು. ಸಿಟ್ಟಿನ ಅಳುವಲ್ಲ ಅದು, ಅವಮಾನದ್ದು. ನಂಬಿಸಿ ಕತ್ತು ಕೊಯ್ಯುವವರನ್ನು ನಾನು ಕಂಡಿದ್ದೇನೆ. ಕೊಯ್ಯುವ ಕತ್ತಿಯನ್ನೂ ಅವಳ ಕೈಯಲ್ಲೇ ಮಸೆಸಿದವನನ್ನು ಕಂಡದ್ದು ಅದೇ ಮೊದಲು.

ಅಧ್ಯಕ್ಷರ ಮಗಳೇ ಹೋದ ಮೇಲೆ ನಮ್ಮದೇನು ಎಂದು ಒಬ್ಬೊಬ್ಬರಾಗಿ ಉಳಿದವರೂ ತಮ್ಮ ಮಕ್ಕಳನ್ನು ವ್ಯಾನು ಹತ್ತಿಸಿದರು. ಮಕ್ಕಳು ಕಡಿಮೆಯಾದಂತೆ ಪ್ರತಿಭಾಳ ಹುದ್ದೆ ಹೆಚ್ಚುವರಿ ಎಂದಾಯಿತು. ಹೆಚ್ಚುವರಿಯಾದವರಿಗೆ ಆಯ್ಕೆ ಕಡಿಮೆ. ಇಸಳೂರಿನ ಹತ್ತಿರದ್ದು ಎಂದೋ ಭರ್ತಿಯಾಗಿತ್ತು. ಅವಳಿಗೆ ಸಿಕ್ಕಿದ್ದು ಯಲ್ಲಾಪುರದ ಒಳಗಿನ ಒಂದು ಶಾಲೆ. ಅಲ್ಲಿಗೆ ದಿನಾ ಓಡಾಡಲಾಗದು. ಕೋಣೆ ಮಾಡಿಕೊಂಡಿರಬೇಕು, ವಾರಕ್ಕೊಮ್ಮೆ ಮನೆ. ಸಂಜಯ ಈ ಸಲ ಸಿಟ್ಟೂ ಮಾಡಲಿಲ್ಲವಂತೆ. ಸಮೃದ್ಧಿಗೆ ಎರಡು ಜಡೆ ಹಾಕುವುದನ್ನು ಕಲಿಯತೊಡಗಿದನಂತೆ.

ಬೀಳ್ಕೊಡುಗೆ ಒಂದು ಶನಿವಾರ ನಡೆಯಿತು. ಶಾಲು ತಂದವನು ಯಾರು ಎಂದುಕೊಂಡಿರಿ? ಸುನೀಲ. ಮಗಳು ಬಿಟ್ಟುಹೋದರೂ ಕುರ್ಚಿ ಬಿಟ್ಟಿರಲಿಲ್ಲ, ಹೊಸ ಅಧ್ಯಕ್ಷರಾಗುವವರೆಗೆ ಎಂದು. "ಅಕ್ಕೋರಂಥವ್ರು ಸಿಗೂದು ಕಷ್ಟ, ಅವ್ರು ಹೋಗೂದು ನಮ್ಮ ಊರಿಗೇ ನಷ್ಟ" ಎಂದು ಭಾಷಣ ಮಾಡಿದ. ಉಂಡ ಮನೆಗೆ ಎರಡು ಬಗೆದು, ಆಮೇಲೆ ಅದೇ ಮನೆಯ ಊಟ ರುಚಿಯಾಗಿತ್ತು ಎನ್ನುವುದಕ್ಕೂ ಒಂದು ಧೈರ್ಯ ಬೇಕು. ಪ್ರತಿಭಾ ಶಾಲು ಹೊದೆಸಿಕೊಂಡಳು, ಕೈ ಮುಗಿದಳು, ಮಾತಾಡಿ ಎಂದರೆ ತಲೆ ಅಲ್ಲಾಡಿಸಿದಳು.

ಬಸ್ಸಿನ ಹೊತ್ತಾಯಿತು. ಎಲ್ಲರೂ ಗೇಟಿನವರೆಗೆ ಬಂದೆವು. ಅನುಶ್ರೀಯೂ ಬಂದಿದ್ದಳು, ಆ ಟೈ ಕಟ್ಟಿದ ಯೂನಿಫಾರಂನಲ್ಲೇ, ಅಜ್ಜಿಯ ಸೆರಗಿನ ಹಿಂದೆ. ಪ್ರತಿಭಾ ಶಾಲು ಮಡಚಿ ನಾಗಿಯ ಕೈಗೆ ಕೊಟ್ಟು, ಚೀಲ ಎತ್ತಿಕೊಂಡು, ಎಲ್ಲರ ಕಡೆ ಒಮ್ಮೆ ನೋಡಿದಳು.

"ಹೋಗ್ತೆ" ಎಂದಳು.

ದ್ಯಾವಮ್ಮ ಮುಂದೆ ಬಂದು ಅವಳ ಕೈ ಹಿಡಿದಳು, ಆವತ್ತಿನ ಹಾಗೆಯೇ.

"ಹಾಂಗೆ ಹೇಳ್ಬೇಡ ಮಗಾ. ಬರ್ತೆ ಅನ್ನು."

ಈ ಸಲ ಪ್ರತಿಭಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ಅಜ್ಜಿಯ ಹಿಂದಿನಿಂದ ಅನುಶ್ರೀ ಅಳುತ್ತ, "ಐ ಆಮ್ ಕಮಿಂಗ್ ಅನ್ನಿ ಅಕ್ಕೋರೆ" ಎಂದಳು.

ಪ್ರತಿಭಾ ಬಗ್ಗಿ ಹುಡುಗಿಯ ಕೆನ್ನೆ ಒರೆಸಿದಳು. ಟೈ ಓರೆಯಾಗಿತ್ತು, ಅದನ್ನೂ ಸರಿ ಮಾಡಿದಳು.

"ಅದು ತಪ್ಪು ಪುಟ್ಟಿ. ಹೋಗೋರು ಗೋಯಿಂಗ್ ಅನ್ಬೇಕು. ಅವತ್ತು ನೀನೊಬ್ಳೇ ಸರಿಯಾಗಿ ಹೇಳಿದ್ದೆ" ಎಂದಳು ಅವಳಿಗೆ. ನೋಡಿದ್ದು ಮಾತ್ರ ಸುನೀಲನನ್ನು. ಆಮೇಲೆ ಬಸ್ಸು ಹತ್ತಿದಳು.