ಸಹಮ್‌ನ ತಕ್ಕಡಿಗೆ ನಾನು ಅಂಟಿಸಿದ ಚೀಟಿ

ಹಮೀದಾಕ, ಆ ತಕ್ಕಡಿಯನ್ನು ನಾನು ಪರೀಕ್ಷೆ ಮಾಡಿರಲಿಲ್ಲ. ಪರೀಕ್ಷೆ ಮಾಡಿದ್ದೇನೆ ಎಂದು ಚೀಟಿ ಅಂಟಿಸಿ, ತಾರೀಖು ಬರೆದು, ಸಹಿ ಹಾಕಿದ್ದೆ. ಆರು ವರ್ಷ ನೀವು ಹೊತ್ತ ತಪ್ಪು ನನ್ನದು.

ಇದನ್ನು ಹೇಗೆ ಶುರು ಮಾಡುವುದೆಂದು ಮೂರು ದಿನ ಯೋಚಿಸಿದೆ. ಮೊದಲು ಕ್ಷೇಮ ಸಮಾಚಾರ, ನಿಮ್ಮ ಮಗಳ ಮದುವೆಗೆ ಶುಭಾಶಯ, ಆಮೇಲೆ ಮೆಲ್ಲಗೆ ವಿಷಯ — ಹಾಗೆ ಬರೆದ ಎರಡು ಹಾಳೆ ಹರಿದು ಹಾಕಿದೆ. ಸುತ್ತಿ ಬಳಸಿ ಹೇಳಿದರೆ ನಡುವೆ ಎಲ್ಲೋ ನನಗೇ ಅನುಕೂಲವಾದ ಒಂದು ವಾಕ್ಯ ನುಸುಳಿಬಿಡುತ್ತದೆ. ನನ್ನ ಬುದ್ಧಿ ನನಗೆ ಗೊತ್ತು.

ನೀವು ಈಗ ಉಪ್ಪಿನಂಗಡಿಯಲ್ಲಿ ಮದುವೆ ಮನೆಯ ನೆಂಟರ ನಡುವೆ ಇದ್ದೀರಿ. ಈ ಕಾಗದವನ್ನು ಗುಟ್ಟಾಗಿ ಓದಬೇಡಿ. ಮಗಳ ಕೈಯಲ್ಲಿ ಕೊಟ್ಟು ಎಲ್ಲರ ಮುಂದೆ ಓದಿಸಿ. ನಿಮ್ಮ ಸುದ್ದಿ ಊರಿಗೂ ತಲುಪಿತ್ತಲ್ಲ — ‘ಹಮೀದನ ಕೈ ಕೆಟ್ಟಿತಂತೆ, ಅರಬಾಬ್ ಮದ್ದಿನ ಕೋಣೆಯಿಂದ ಹೊರಗೆ ಹಾಕಿದರಂತೆ’ ಎಂದು. ಅದನ್ನು ಕೇಳಿದ ಕಿವಿಗಳೇ ಇದನ್ನೂ ಕೇಳಲಿ. ಅದಕ್ಕಾಗಿಯೇ ನಿಮಗೆ ಗೊತ್ತಿರುವ ಸಂಗತಿಗಳನ್ನೂ ಬಿಡದೆ ಬರೆಯುತ್ತಿದ್ದೇನೆ.

ಸಹಮ್‌ನ ನಿಂಬೆ ತೋಟದಲ್ಲಿ ನಮ್ಮ ಅರಬಾಬ್, ಅಂದರೆ ತೋಟದ ಅರಬ್ ಧಣಿ ಸಾಲಿಮ್ ಅವರ ಮನೆ. ಮನೆಯ ಹಿಂದೆ ಪರವಾನಗಿ ಇರುವ ಗುರಿಯ ಅಂಗಳ, ಪಕ್ಕದಲ್ಲಿ ಮದ್ದುಗುಂಡಿನ ಒಂದು ಸಣ್ಣ ಕೋಣೆ. ಪಿಸ್ತೂಲಿನ ತೋಟೆಗಳನ್ನು ಅಂಗಡಿಯಿಂದ ತರುವುದು ಅವರಿಗೆ ನಾಚಿಕೆಯ ವಿಷಯ. ಒಮ್ಮೆ ಹಾರಿಸಿದ ಹಿತ್ತಾಳೆ ಚಿಪ್ಪನ್ನು ತೊಳೆದು, ಮತ್ತೆ ಮದ್ದು ತುಂಬಿ, ಮತ್ತೆ ಗುಂಡು ಕೂರಿಸಿ, ಮನೆಯಲ್ಲೇ ಮಾಡಿದ ತೋಟೆಯಿಂದ ಗುರಿ ಹೊಡೆದರೇ ಅವರಿಗೆ ಸಮಾಧಾನ. ಪ್ರತಿ ಚಳಿಗಾಲ ನೆರೆಯ ನಾಲ್ಕು ತೋಟದವರು ಬಂದು ಸೇರುತ್ತಾರೆ. ಒಬ್ಬೊಬ್ಬರೂ ಅವರವರ ಮನೆಯ ತೋಟೆ ತರಬೇಕು. ಸೋತವನು ಮುಂದಿನ ಶುಕ್ರವಾರ ಎಲ್ಲರಿಗೂ ಮೇಕೆ ಊಟ ಹಾಕಬೇಕು. ಮೇಕೆ ದೊಡ್ಡ ಮಾತಲ್ಲ, ವರ್ಷವಿಡೀ ಕೇಳಬೇಕಾದ ಗೇಲಿ ದೊಡ್ಡದು.

ಆ ಕೋಣೆಯ ಬೀಗದ ಕೈ ಹನ್ನೊಂದು ವರ್ಷ ನಿಮ್ಮ ಸೊಂಟದಲ್ಲಿತ್ತು. ನಿಮ್ಮ ಅಪ್ಪ ಊರಿನ ಜಾತ್ರೆಗಳಿಗೆ ಗರ್ನಾಲ್ ಸಿಡಿಮದ್ದು ಕಟ್ಟುತ್ತಿದ್ದವರು. ಮದ್ದನ್ನು ಹೇಗೆ ಗೌರವಿಸಬೇಕೆಂದು ನೀವು ಚಿಕ್ಕಂದಿನಲ್ಲೇ ಕಲಿತವರು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ. ಒಂದರ ಮದ್ದು ಮುಗಿದು, ಡಬ್ಬಿ ಕಪಾಟು ಸೇರಿ, ಮೇಜು ಒರೆಸಿದ ಮೇಲೆಯೇ ಇನ್ನೊಂದು. ತುಂಬಿದ ಪ್ರತಿ ಚಿಪ್ಪಿನೊಳಗೂ ಟಾರ್ಚ್ ಬಿಟ್ಟು ಇಣುಕಿ ನೋಡುವುದು. ನಾನು ಅಲ್ ಹೈಲ್‌ನಿಂದ ತಿಂಗಳಿಗೊಮ್ಮೆ ಬಂದು ಮದ್ದು ತೂಗುವ ತಕ್ಕಡಿ ನೋಡಿ ಹೋಗುವ ಕಂಪನಿಯ ಇಂಜಿನಿಯರ್, ಮೈಸೂರಿನವನು. ನಿಮ್ಮ ಈ ಶಿಸ್ತನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ಹೌದು, ನಗುತ್ತಿದ್ದೆ — ಅದನ್ನೂ ಹೇಳಿಬಿಡುತ್ತೇನೆ.

ಆರು ವರ್ಷದ ಹಿಂದೆ, ಪಂದ್ಯಕ್ಕೆ ಎರಡು ಮದ್ದುಗಳ ನಡುವೆ ಆಯ್ಕೆ ಇತ್ತು. ಅರಬಾಬ್‌ರ ಗೆಳೆಯರೊಬ್ಬರು ತರಿಸಿಕೊಟ್ಟದ್ದು ಸಣ್ಣ ಕಾಳಿನ, ಚುರುಕಾದ, ಬೆಲೆಬಾಳುವ ಮದ್ದು. ಚಿಪ್ಪಿನ ತಳದಲ್ಲಿ ಒಂದು ಚಿಟಿಕೆ ಕಂಡರೆ ಸಾಕು. ನೀವು ಹಿಡಿದದ್ದು ಉಬ್ಬಿದ ಕಾಳಿನ, ನಿಧಾನಿ ಮದ್ದು.

“ಇದು ಚಿಪ್ಪಿನ ಅರ್ಧಕ್ಕಿಂತ ಮೇಲೆ ಬರ್ತದೆ ಇಂಜಿನಿಯರ್ರೇ. ಮರೆತು ಎರಡು ಸಲ ಹಾಕಿದ್ರೆ ಹೊರಗೆ ಚೆಲ್ತದೆ, ಕಣ್ಣಿಗೇ ಕಾಣ್ತದೆ. ಜೋರು ಸದ್ದು ಮಾಡಿದ ಮದ್ದೆಲ್ಲ ಒಳ್ಳೆ ಮದ್ದು ಅಂತ ಉಂಟಾ? ಐದು ಸಲ ಹೊಡೆದ್ರೆ ಐದು ಸಲವೂ ಒಂದೇ ರೀತಿ ದೂಡ್ಬೇಕು. ಅದಲ್ವಾ ಬೇಕಾದ್ದು?”

ಇಷ್ಟು ಸರಳವಾಗಿ, ಇಷ್ಟು ಸರಿಯಾಗಿ ನನ್ನ ಕಾಲೇಜಿನ ಮೇಷ್ಟ್ರು ಕೂಡ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಎರಡನ್ನೂ ತುಂಬಿ, ಅರಬಾಬ್ ಕೈಯಲ್ಲೇ ಹೊಡೆಸಿ ನೋಡುವುದೆಂದು ತೀರ್ಮಾನವಾಯಿತು. ಬೇಸಿಗೆಯ ಶುಕ್ರವಾರ. ದುರಸ್ತಿಗೆಂದು ನನ್ನಲ್ಲಿದ್ದ ತಕ್ಕಡಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ಸಹಮ್‌ಗೆ ಬಂದೆ. ಆ ಬಿಸಿಲಲ್ಲಿ ಡಿಕ್ಕಿಯೊಳಗೆ ರೊಟ್ಟಿ ಸುಡಬಹುದು. ಕಾದ ತಕ್ಕಡಿಯನ್ನು ತಣ್ಣನೆಯ ಕೋಣೆಗೆ ತಂದರೆ ಅದು ಆರಲು ಅರ್ಧ ದಿನ ಬೇಕು. ಆರುವವರೆಗೆ ಅದರ ಅಂಕಿ ತೆವಳುತ್ತಲೇ ಇರುತ್ತದೆ. ಆರಿದ ಮೇಲೆ ಅಚ್ಚು ತೂಕದ ಬಟ್ಟುಗಳನ್ನಿಟ್ಟು ನೋಡಬೇಕು. ಇದು ನನ್ನ ಕಸುಬಿನ ಅ ಆ ಇ ಈ. ಆದರೆ ಆ ಬಟ್ಟುಗಳ ಪೆಟ್ಟಿಗೆಯನ್ನು ಹಿಂದಿನ ದಿನ ನಿಜ್ವಾ ಊರಿನ ಒಂದು ಲ್ಯಾಬಿನಲ್ಲಿ ಮರೆತು ಬಂದಿದ್ದೆ. ಮರೆತೆ ಎಂದರೆ ಮಾನ ಹೋಗುತ್ತಿತ್ತೇ? ಇಲ್ಲ. ನೀವು ಚಾ ಕೊಟ್ಟು, ‘ನಾಳೆ ಮಾಡುವಾ’ ಎನ್ನುತ್ತಿದ್ದಿರಿ. ನಾನು ಚೀಟಿ ಅಂಟಿಸಿದೆ.

ಬೆಳಿಗ್ಗೆ ಮೊದಲು ತೂಗಿದ್ದು ನಿಮ್ಮ ಮದ್ದು. ಹತ್ತನೆಯ ಚಿಪ್ಪಿಗೆ ನೀವು ತಲೆ ಎತ್ತಿದಿರಿ.

“ಇಂಜಿನಿಯರ್ರೇ, ಇದು ಯಾಕೋ ಒಂದು ಕಡೆ ನಿಲ್ಲುದಿಲ್ಲ.”

“ಚೀಟಿ ಇದೆಯಲ್ಲ ಹಮೀದಾಕ, ನೋಡ್ಕೊಳ್ಳಿ. ತಕ್ಕಡಿ ಸುಳ್ಳು ಹೇಳಲ್ಲ.”

ಅಷ್ಟೇ ಮಾತು. ನೀವು ಚೀಟಿ ನೋಡಿದಿರಿ, ನನ್ನ ಮುಖ ನೋಡಿದಿರಿ, ಮತ್ತೆ ತಲೆ ತಗ್ಗಿಸಿದಿರಿ. ನಿಮ್ಮ ಕಣ್ಣಿಗಿಂತ ನನ್ನ ಸಹಿಯನ್ನು ನಂಬಿದಿರಿ.

ಇಷ್ಟಕ್ಕೇ ನಿಂತಿದ್ದರೆ ಸೋಮಾರಿತನ ಎನ್ನಬಹುದಿತ್ತು. ಇನ್ನೂ ಇದೆ. ಮಧ್ಯಾಹ್ನ ನೀವು ನಮಾಜಿಗೆ ಹೋದಾಗ ನಾನು ಕೋಣೆಯಲ್ಲಿ ಒಬ್ಬನೇ ಇದ್ದೆ. ಖಾಲಿ ತಟ್ಟೆ. ಸೊನ್ನೆ ತೋರಿಸಬೇಕಾದಲ್ಲಿ ಅದು ಸೊನ್ನೆ ತೋರಿಸುತ್ತಿರಲಿಲ್ಲ. ಆಗಲೇ ಗೊತ್ತಾಯಿತು ನನಗೆ — ಬೆಳಗಿನ ತೋಟೆಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ತೂಕ ಸರಿಹೋಗುವುದಿಲ್ಲ ಎಂದು. ಗೊತ್ತಾಗಿಯೂ ಗುಂಡಿ ಒತ್ತಿ ಸೊನ್ನೆ ಮಾಡಿ, ಊಟಕ್ಕೆ ಬಂದು ಕೂತೆ. ಅಷ್ಟು ಹೊತ್ತಿಗೆ ತಕ್ಕಡಿಯೂ ಆರಿತ್ತು. ಸಂಜೆ ಅದರಲ್ಲಿ ಚುರುಕು ಮದ್ದು ತೂಗಿದಿರಿ. ಅರಬಾಬ್ ಎರಡನ್ನೂ ಹೊಡೆದು ನೋಡಿದಾಗ ಅದು ಗೆದ್ದಿತು. ನಿಮ್ಮ ಮದ್ದಿನ ಗುಂಡುಗಳು ಕಾಗದದ ಮೇಲೆ ಮೇಲಿಂದ ಕೆಳಗೆ ಚೆಲ್ಲಾಪಿಲ್ಲಿ ಬಿದ್ದಿದ್ದವು. ಅರಬಾಬ್ ಕಾಗದ ನೋಡಿದರು, ನಿಮ್ಮನ್ನು ನೋಡಿದರು. “ಖಲಾಸ್, ಹಮೀದ್” ಎಂದು ಬೀಗದ ಕೈಗೆ ಕೈ ಚಾಚಿದರು.

ಆ ಹೊತ್ತಿಗೆ ನಾನು ಬಾಯಿ ತೆರೆದಿದ್ದರೆ — ಇರಲಿ. ತೆರೆಯಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನಿಮ್ಮ ಮಾನ ಹೋದದ್ದು ಅಡಿಕೆಯಷ್ಟೂ ಅಲ್ಲದ ಒಂದು ಚೀಟಿಗೆ. ಆರು ವರ್ಷ ನೀವು ನೀರಿನ ಪಂಪು ನೋಡಿಕೊಂಡಿರಿ. ತೋಟದ ಹುಡುಗರು ನಿಮ್ಮನ್ನು ಕಂಡರೆ ಬಾಯಲ್ಲಿ ‘ಫುಸ್’ ಎಂದು ಸದ್ದು ಮಾಡುತ್ತಿದ್ದರು. ನೀವೂ ನಕ್ಕುಬಿಡುತ್ತಿದ್ದಿರಿ. ಆದರೆ ಒಮ್ಮೆ, ಪಂಪಿನ ಕಟ್ಟೆಯ ಮೇಲೆ ಕೂತು, ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು ನನಗೆ ಹೇಳಿದಿರಿ: “ಅಪ್ಪನ ಕೈ ನನಗೆ ಬರ್ಲಿಲ್ಲ ಕಾಣ್ತದೆ.” ಕುಂಬಳಕಾಯಿ ಕಳ್ಳನ ಹಾಗೆ ನಾನು ಅಂಗಿಯ ಜೇಬು ಮುಟ್ಟಿಕೊಂಡೆ. ಚೀಟಿಗೆ ಸಹಿ ಹಾಕಿದ ಪೆನ್ನು ಅಲ್ಲೇ ಇತ್ತು.

ಇನ್ನು ಕಳೆದ ಶುಕ್ರವಾರ. ಇದನ್ನು ಬರೆಯುವಾಗ ನನ್ನ ಕೈ ತಾನಾಗಿ ಓಡುತ್ತದೆ, ಯಾಕೆಂದರೆ ಅಂಥ ದಿನವನ್ನು ನಾನು ಇನ್ನೊಂದು ಕಂಡಿಲ್ಲ. ಚುರುಕು ಮದ್ದು ಖಾಲಿ. ಪಂದ್ಯಕ್ಕೆ ಉಳಿದದ್ದು ಎರಡೇ ವಾರ. ಕಪಾಟಿನ ತಣ್ಣನೆಯ ಮೂಲೆಯಲ್ಲಿ ನಿಮ್ಮ ನಿಧಾನಿ ಮದ್ದಿನ ಮುಚ್ಚಳ ಒಡೆಯದ ಒಂದು ಡಬ್ಬಿ — ಆವತ್ತಿನ ಮದ್ದಿನ ಜೊತೆಗೇ ತಯಾರಾದದ್ದು, ಅದೇ ನಂಬರು. ಅರಬಾಬ್ ಮನಸ್ಸಿಲ್ಲದ ಮನಸ್ಸಿನಿಂದ ನಿಮ್ಮನ್ನು ಕರೆಸಿದರು. ನೀವು ಕೈ ತೊಳೆದು, ಬಿಸ್ಮಿಲ್ಲಾ ಹೇಳಿ, ಮೇಜು ಒರೆಸಿ ಕೂತಿರಿ. ತೂಗುವ ಕೆಲಸವನ್ನು ಅರಬಾಬ್ ನನಗೆ ಒಪ್ಪಿಸಿದರು. ಹಿಂದಿನ ರಾತ್ರಿಯೇ ತಕ್ಕಡಿ ಕೋಣೆಯಲ್ಲಿತ್ತು. ಬಟ್ಟುಗಳನ್ನು ಮೂರು ಸಲ ಇಟ್ಟು ನೋಡಿದ್ದೆ.

ಐದು ತೋಟೆ. ಮೊದಲನೆಯದು ನಡುವಿಗೆ. ಎರಡನೆಯದು ಅದರ ತೂತನ್ನು ಮುಟ್ಟಿಕೊಂಡು. ಮೂರನೆಯದು ಬಿದ್ದದ್ದೇ ಕಾಣಲಿಲ್ಲ — ಗುರಿ ತಪ್ಪಿತು ಎಂದುಕೊಂಡೆವು, ಅದು ಹಳೆಯ ತೂತಿನ ಒಳಗಿಂದಲೇ ಹೋಗಿತ್ತು. ಐದೂ ಮುಗಿದ ಮೇಲೆ ಅರಬಾಬ್ ನಡೆದು ಹೋಗಿ ಕಾಗದ ತಂದು ಮೇಜಿನ ಮೇಲೆ ಹರಡಿ, ತಟ್ಟೆಯಿಂದ ಒಂದು ಖರ್ಜೂರ ತೆಗೆದು ತೂತುಗಳ ಮೇಲಿಟ್ಟರು. ಐದೂ ಅದರ ಅಡಿಯಲ್ಲಿ ಮುಚ್ಚಿಹೋದವು. ಆ ಅಂಗಳದಲ್ಲಿ ಅಂಥ ಗುರಿಯನ್ನು ಯಾರೂ ಕಂಡಿರಲಿಲ್ಲ. ‘ಫುಸ್’ ಎನ್ನುತ್ತಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ನೀವು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ ನಿಂತಿರಿ, ಎಷ್ಟೋ ಹೊತ್ತು. ನನಗೆ ಕುಣಿಯಬೇಕೆನಿಸಿತು ಹಮೀದಾಕ.

ಆಮೇಲೆ ಅರಬಾಬ್ ಆ ಖರ್ಜೂರವನ್ನು ನನ್ನ ಕಡೆ ಚಾಚಿದರು. “ಮದ್ದು ಒಳ್ಳೆಯದೇ ಇತ್ತು, ಹಮೀದ್ ಆವತ್ತು ತೂಕ ತಪ್ಪಿದ್ದ. ಇವತ್ತು ಇಂಜಿನಿಯರ್ ತೂಗಿದ್ದಾನೆ. ತಗೋ” ಎಂದರು. ನೀವು ತಲೆ ಆಡಿಸಿದಿರಿ — ಹೌದು ಎಂಬಂತೆ. ನಾನು ಅದನ್ನು ತಗೊಂಡೆ. ತಿಂದೆ. ಮರುದಿನ ನೀವು ಮದುವೆಗೆಂದು ವಿಮಾನ ಹತ್ತಿದಿರಿ, ಆ ಸುಳ್ಳನ್ನೂ ಹೊತ್ತುಕೊಂಡು.

ಮೊದಲನೆಯ ತಪ್ಪಿಗಿಂತ ಆ ಖರ್ಜೂರ ನನ್ನನ್ನು ಹೆಚ್ಚು ಸುಟ್ಟಿತು. ನಿನ್ನೆ ಸಹಮ್‌ಗೆ ಹೋದೆ. ಮದ್ದಿನ ಕೋಣೆಯ ದಿನಚರಿ ಪುಸ್ತಕದಲ್ಲಿ ಆರು ವರ್ಷದ ಹಿಂದಿನ ಪುಟ ತೆರೆದೆ. ‘ಹಮೀದ್ ಆರಿಸಿದ ಮದ್ದು — ಯೋಗ್ಯವಲ್ಲ’ ಎಂದು ಬರೆದಿದ್ದ ಸಾಲಿನ ಕೆಳಗೆ ಬರೆದೆ: ‘ತಕ್ಕಡಿ ಕಾದಿತ್ತು. ಪರೀಕ್ಷೆ ಆಗಿರಲಿಲ್ಲ. ಚೀಟಿ ಸುಳ್ಳು. ಮಧ್ಯಾಹ್ನವೇ ನನಗೆ ಗೊತ್ತಿತ್ತು. — ನಾಗರಾಜ್.’ ಪುಸ್ತಕವನ್ನು ಅರಬಾಬ್‌ರ ಮುಂದಿಟ್ಟು, ಪ್ರತಿ ಅಕ್ಷರವನ್ನೂ ಬಾಯಲ್ಲೂ ಹೇಳಿದೆ. ಅವರು ಪುಸ್ತಕ ಮುಚ್ಚಿದರು. ಆಮೇಲೆ ಆವತ್ತು ನಿಮಗೆ ಹೇಳಿದ್ದ ಮಾತನ್ನೇ ನನಗೆ ಹೇಳಿದರು — “ಖಲಾಸ್.” ಇನ್ನು ನಾನು ಆ ತೋಟದ ತಕ್ಕಡಿ ಮುಟ್ಟುವುದಿಲ್ಲ. ಅದು ಸರಿ. ನಮ್ಮ ಕಂಪನಿಗೂ ನಾನೇ ಬರೆದು ಕೊಟ್ಟಿದ್ದೇನೆ. ಏನಾಗುತ್ತದೋ ಆಗಲಿ.

ಅವರು ಆಗಲೇ ನಿಮಗೆ ಫೋನು ಮಾಡಲು ಎದ್ದರು. ನಾನೇ ಹೇಳಬೇಕು, ಒಂದು ವಾರ ಕೊಡಿ ಎಂದು ಬೇಡಿಕೊಂಡೆ. ಒಪ್ಪಿದರು. ಬೀಗದ ಕೈ ಕೋಣೆಯ ಬಾಗಿಲ ಪಕ್ಕದ ಮೊಳೆಯಲ್ಲಿದೆ, ನೀವು ಬರುವವರೆಗೆ ಯಾರೂ ಮುಟ್ಟಬಾರದೆಂದು ಅವರದೇ ಅಪ್ಪಣೆ. ಮದುವೆ ಮುಗಿಸಿ ಬಂದು ಪಂದ್ಯದ ತೋಟೆ ನೀವೇ ತುಂಬಬೇಕಂತೆ, ನೀವೇ ತೂಗಬೇಕಂತೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ಅದು ನನಗೆ ಗೊತ್ತು. ಮಗಳು ಇಲ್ಲಿಯವರೆಗೆ ಓದಿದ್ದರೆ, ಮುಂದಿನ ಸಾಲನ್ನು ಅವಳು ಎರಡು ಸಲ ಓದಲಿ, ಹೊರಗೆ ಚಪ್ಪರದಲ್ಲಿ ಕೂತವರಿಗೂ ಕೇಳುವ ಹಾಗೆ.

ನಿಮ್ಮ ಕೈ ಕೆಟ್ಟಿರಲಿಲ್ಲ, ಹಮೀದಾಕ. ಒಂದು ದಿನವೂ ಕೆಟ್ಟಿರಲಿಲ್ಲ.