ಭಾವನ ಶೇರು, ಅಕ್ಕನ ಮೊಣಕಾಲು

ಒಂದೇ ಒಂದು ಶೇರು ಮಾರದೆ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಭಾವ, ಅಕ್ಕನ ಗಂಡ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದುಡಿದು ರಿಟೈರ್ ಆದವರು. ಈಗ ಅಲ್ಲಿಯದೇ ನ್ಯೂಟೌನ್‌ನ ಮನೆಯ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂರುವುದೇ ಅವರ ಡ್ಯೂಟಿ.

ಶೇರುಪೇಟೆ ಸಾರ್ವಕಾಲಿಕ ದಾಖಲೆ ಬರೆಯಿತು ಎಂದು ಟಿವಿಯವರು ಕೂಗಿಕೊಂಡ ದಿನ ಭಾವನ ಮುಖ ನೋಡಬೇಕಿತ್ತು. ಸೂಚ್ಯಂಕವನ್ನು ಸ್ವತಃ ಇವರೇ ಹೆಗಲು ಕೊಟ್ಟು ಏರಿಸಿದ ಹಾಗಿತ್ತು. ಮೈಸೂರು ಪಾಕ್ ಹಂಚಿದ್ದು ಅವತ್ತೇ. ‘ಹಾಗಾದ್ರೆ ಸ್ವಲ್ಪ ಮಾರಿ ಅಕ್ಕನ ಆಪರೇಷನ್ ಮಾಡಿಸಿಬಿಡೋಣ ಭಾವ’ ಎಂದೆ. ಅಕ್ಕನ ಎರಡೂ ಮೊಣಕಾಲು ಸವೆದಿವೆ. ಆಪರೇಷನ್ ಆಗಲೇಬೇಕು ಎಂದು ಶಿವಮೊಗ್ಗದ ಡಾಕ್ಟರು ಹೇಳಿಯಾಗಿದೆ. ಅದಕ್ಕೆಂದೇ ತೆಗೆದಿಟ್ಟ ದುಡ್ಡು ಆ ಶೇರುಗಳಲ್ಲಿದೆ.

‘ಏರೋ ಹೊತ್ತಲ್ಲಿ ಯಾರಾದ್ರೂ ಮಾರ್ತಾರಾ ಮಾರಾಯ? ಇನ್ನೊಂದು ಸ್ವಲ್ಪ ತಡಿ’ ಎಂದರು.

ತಡೆದೆವು. ಕಡೆಗೂ ಭಾವ ಒಪ್ಪಿದರು, ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿ ಬಂದೆ. ಅಷ್ಟರಲ್ಲಿ ಪೇಟೆ ಕುಸಿಯಿತು. (ಯಾಕೆ ಕುಸಿಯಿತು ಎಂದು ನನ್ನನ್ನು ಕೇಳಬೇಡಿ. ಏರಿದ್ದು ಯಾಕೆ ಎಂದು ವಿವರಿಸಿದ್ದ ತಜ್ಞರೇ ಇಳಿದದ್ದು ಯಾಕೆ ಎಂದೂ ಅಷ್ಟೇ ಧೈರ್ಯವಾಗಿ ವಿವರಿಸುತ್ತಿದ್ದರು.) ಭಾವನ ಫೋನ್ ಬಂತು. ‘ಆಸ್ಪತ್ರೆಗೆ ಈಗ್ಲೇ ಬರಲ್ಲ ಅಂತ ಹೇಳ್ಬಿಡು.’

ಶಿವಮೊಗ್ಗದ ಕೋಟೆ ಬಡಾವಣೆಯ ನಮ್ಮ ಮನೆಯಿಂದ ಭದ್ರಾವತಿ ಏನು ಮಹಾ ದೂರ? ಸಿಟ್ಟಿನಲ್ಲಿ ಹೊರಟರೆ ಇನ್ನೂ ಹತ್ತಿರ. ನಾನು ಹೋದಾಗ ಭಾವ ಜಗಲಿಯಲ್ಲೇ ಇದ್ದರು. ಮುಖ ಬಾಡಿತ್ತು. ಜಗಳಕ್ಕೆಂದು ಹೋದವನಿಗೆ ಪಾಪ ಅನಿಸಿತು.

‘ಅಡಿಕೆ ಇದ್ದ ಹಾಗೆ ಮಾರಾಯ. ರೇಟು ಬಿತ್ತು ಅಂತ ಯಾರಾದ್ರೂ ಗಾಬರಿಬಿದ್ದು ಮಾರ್ತಾರಾ? ಚೀಲ ಕಟ್ಟಿ ಇಟ್ಕೊಂಡ್ರೆ ಇವತ್ತಲ್ಲ ನಾಳೆ ರೇಟು ಬಂದೇ ಬರುತ್ತೆ. ನಮ್ಮಪ್ಪ ಹಾಗೇ ಮಾಡ್ತಿದ್ರು’ ಎಂದರು.

ನಮ್ಮ ಜಿಲ್ಲೆಯವರಿಗೆ ಈ ಲೆಕ್ಕ ರಕ್ತದಲ್ಲೇ ಬಂದಿದೆ. ಬೆಳೆಗಾರನ ಮಗ ಕಾರ್ಖಾನೆ ಸೇರಲಿ, ಬ್ಯಾಂಕ್ ಸೇರಲಿ, ಕಾಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ತಪ್ಪೆಂದು ಹೇಗೆ ಹೇಳಲಿ? ಕಾದು ಗೆದ್ದವರನ್ನು ನಾನೂ ಕಂಡಿದ್ದೇನೆ.

ಆದರೆ ಈ ಮನೆಯಲ್ಲಿ ನಿಜವಾಗಿ ಕಾಯುತ್ತಿರುವವರು ಯಾರು? ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುವ ಅಕ್ಕ. ಸೂಚ್ಯಂಕ ಬಿದ್ದರೆ ದೇಶವೆಲ್ಲ ಮಾತಾಡುತ್ತದೆ. ಹಿಂದಿನ ವಾರ ಅವಳು ಅಡುಗೆಮನೆಯಲ್ಲಿ ಬಿದ್ದಿದ್ದಳೆಂದು ನನಗೆ ತಿಳಿದದ್ದೇ ಅವತ್ತು. ನಿಜಕ್ಕೂ ಸಂಕಟವಾಯಿತು. ಏರಿದಾಗ ಇನ್ನಷ್ಟು ಬರಲಿ ಎನ್ನುತ್ತೇವೆ, ಇಳಿದಾಗ ಹೋದದ್ದು ಬರಲಿ ಎನ್ನುತ್ತೇವೆ. ದುಡ್ಡನ್ನು ಯಾವುದಕ್ಕೆ ಕೂಡಿಟ್ಟಿದ್ದೆವು ಎಂಬುದು ಈ ಗಲಾಟೆಯಲ್ಲಿ ಮರೆತೇ ಹೋಗುತ್ತದೆ.

ಅಕ್ಕ ಕಾಫಿ ತಂದಳು. ಲೋಟ ನನ್ನ ಕೈಗಿತ್ತು, ಬಾಗಿಲು ಹಿಡಿದು ನಿಂತಳು. ನಮ್ಮ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

‘ಮಾವ ಚೀಲ ಇಡ್ತಿದ್ದದ್ದು ನಿಜ ಕಣ್ರೀ’ ಎಂದಳು ಭಾವನಿಗೆ. ‘ಆದ್ರೆ ನನ್ನ ಮೊದಲನೇ ಹೆರಿಗೆ ಕಷ್ಟ ಆದಾಗ ರೇಟು ಪಾತಾಳಕ್ಕೆ ಇಳಿದಿತ್ತು. ಅವತ್ತೇ ಇದ್ದ ಅಡಿಕೆ ಎಲ್ಲಾ ಮಾರಿ ಆಸ್ಪತ್ರೆಗೆ ದುಡ್ಡು ತಂದ್ರು. ನೆನಪಿದ್ಯಾ?’

ಭಾವ ಮೊಬೈಲಿನಿಂದ ತಲೆ ಎತ್ತಲಿಲ್ಲ.

‘ಸೊಸೆಗೋಸ್ಕರ ಮಾವ ರೇಟು ನೋಡ್ಲಿಲ್ಲ. ಹೆಂಡ್ತಿಗೋಸ್ಕರ ನೀವು ಯಾವ ರೇಟಿಗೆ ಕಾಯ್ತಾ ಇದ್ದೀರಿ?’